ಸುರಾಹಿಯ ಹೊಳಪು

"ನನ್ನ ಮಗಳು ಕಳ್ಳಿ ಅಲ್ರಿ ಟೀಚರ್! ಖುದಾನ ಆಣಿ, ಅಲ್ರಿ!"

ಬೀದರಿನ ಚೌಬಾರಾ ಗೋಪುರದ ಹಿಂದಿನ ಆ ಮಾಳಿಗೆ ಕೋಣೆಗೆ ಯಾಕೂಬ ನುಗ್ಗಿ ಬಂದಾಗ ಹಣಮಂತಪ್ಪ ಹಾಳೆಯ ಮೇಲೆ ಒಂಬತ್ತು ಚೌಕ ಎಳೆದುಕೊಂಡು ಒದ್ದಾಡುತ್ತಿದ್ದ. ಮೊದಲನೆಯದು ಬಿಳಿ, ಕೊನೆಯದು ಕಡುಗಪ್ಪು. ನಡುವೆ ಛಾಯೆ ಮೆಟ್ಟಿಲು ಮೆಟ್ಟಿಲಾಗಿ ಕಪ್ಪೇರಬೇಕು. ಅವನ ನಾಲ್ಕನೆಯ ಚೌಕ ಆರನೆಯದಕ್ಕಿಂತ ಕಪ್ಪಾಗಿತ್ತು. ಮೂವತ್ತು ವರ್ಷ ಔರಾದ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ ನಿವೃತ್ತನಾದ ಮೇಲೆ ಈ ಪುಣ್ಯಾತ್ಮನಿಗೆ ಚಿತ್ರ ಕಲಿಯುವ ಹುಚ್ಚು ಹಿಡಿದಿತ್ತು. ಕಮಠಾಣದಲ್ಲಿ ಕುರಿಗಳ ನಡುವೆ ಬೆಳೆದವನಾದ್ದರಿಂದ ಕುರಿಯೊಂದನ್ನು ಬಿಟ್ಟು ಬೇರೇನೂ ಅವನ ಕೈಯಲ್ಲಿ ನೆಟ್ಟಗೆ ಮೂಡುತ್ತಿರಲಿಲ್ಲ.

ಕಲಿಸುವವರು ವಜೀರಬೀ, ಸರಕಾರಿ ಸಾಲೆಯಿಂದ ನಿವೃತ್ತರಾದ ಚಿತ್ರಕಲಾ ಶಿಕ್ಷಕಿ. ಊರಿಗೆ ಅವರ ಇನ್ನೊಂದು ಕಸುಬೂ ಗೊತ್ತಿತ್ತು. ಪೊಲೀಸರ ಹತ್ತಿರ ಹೋಗಲಾಗದ ಗಂಟುಗಳನ್ನೆಲ್ಲ ಜನ ಹೊತ್ತು ತರುತ್ತಿದ್ದದ್ದು ಈ ಮಾಳಿಗೆಗೇ. ಅಂಥ ಮೂರು ಗಂಟು ಬಿಚ್ಚುವಾಗ ಹಣಮಂತಪ್ಪ ಅವರ ಚೀಲ ಹೊತ್ತು ತಿರುಗಿದ್ದ.

"ಕೂಡು ಯಾಕೂಬ. ಮೊದಲ ನೀರು ಕುಡಿ. ಆಮ್ಯಾಲ ಒಂದೊಂದೇ ಹೇಳು," ಎಂದರು ವಜೀರಬೀ.

ಯಾಕೂಬ ಭಾಲ್ಕಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಮಗಳು ಇರಮ ಎರಡು ವರ್ಷ ವಾರಕ್ಕೊಮ್ಮೆ ಬೀದರಿಗೆ ಬಂದು ವಜೀರಬೀಯ ಹತ್ತಿರ ಚಿತ್ರ ಕಲಿತಿದ್ದಳು. ಭಾಲ್ಕಿಯಲ್ಲಿ ಆಬೇದಾ ಬೇಗಂ ನಡೆಸುವ ಚಿತ್ರಶಾಲೆಯಲ್ಲಿ ನಾಲ್ಕು ವರ್ಷದ ಓದಿಗೆ ಒಂದೇ ಒಂದು ಉಚಿತ ಸೀಟು. ಅದಕ್ಕೆ ಹಿಂದಿನ ದಿನ, ಶನಿವಾರ, ಪರೀಕ್ಷೆ ನಡೆದಿತ್ತು. ಹನ್ನೆರಡು ಮಕ್ಕಳು, ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಒಂದು ಹಿತ್ತಾಳೆ ಚೊಂಬು, ಎರಡು ಲಿಂಬೆಹಣ್ಣು, ನಡುವೆ ಆಬೇದಾ ಬೇಗಂರ ಮುತ್ತಜ್ಜನ ಕಾಲದ ಬಿದರಿ ಸುರಾಹಿ. ಕರಿ ಲೋಹದ ಆ ಉದ್ದಕೊರಳಿನ ಹೂಜಿಯ ಮೈತುಂಬ ಬೆಳ್ಳಿ ಬಳ್ಳಿ. ಮುಂದಿನ ವಾರ ಅದು ಬೆಂಗಳೂರಿನ ಒಂದು ಸಂಗ್ರಹಾಲಯಕ್ಕೆ ಹೋಗುವುದಿತ್ತು.

"ಎಲ್ಲಾರಕಿಂತ ಕಡೀಕ ಇರಮ ಎದ್ದಾಳ್ರಿ. ಸತೀಶಕುಮಾರ ಸರ್ ಚಾ ಕುಡ್ಯಾಕ ಹೋಗಿದ್ರಂತ, ಹತ್ತು ಮಿನಿಟು ಇಕಿ ಒಬ್ಬಾಕಿನೇ ಇದ್ಳು. ಐದಕ್ಕ ಬೇಗಂ ಬೀದರಿಂದ ಬಂದು ನೋಡ್ತಾರ, ಸುರಾಹಿ ಇಲ್ಲ! ಅಂಗಳದಾಗ ಎಲ್ಲಾರ ಮುಂದ ನನ್ನ ಮಗಳ ಚೀಲ ಬೋರಲ ಹಾಕಿ ಝಾಡಿಸಿದ್ರು. ಏನೂ ಸಿಗಲಿಲ್ಲ. ಹೊರಗ ಯಾರ ಕೈಯಾಗೋ ಕೊಟ್ಟಾಳ ಅಂದ್ರು. ನಾಳಿ ಹನ್ನೊಂದಕ್ಕ ರಿಸಲ್ಟ್ ಅದರಿ. ಅಷ್ಟರೊಳಗ ತಂದುಕೊಡದಿದ್ರ ಪೊಲೀಸ್ ಕೇಸು, ಸೀಟೂ ಇಲ್ಲ."

"ಇರಮ ಏನಂತಾಳ?"

ಯಾಕೂಬ ಲೋಟ ಕೆಳಗಿಟ್ಟ. "ಏನೂ ಅನ್ನವಲ್ಳು. ಬಣ್ಣದ ಡಬ್ಬಿ ಒಲಿಗೆ ಹಾಕಾಕ ಹೋಗಿದ್ಳು, ಅವರಮ್ಮಿ ಕಸಗೊಂಡಾಳ."

ವಜೀರಬೀ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅವರಿಗೆ ಸಿಟ್ಟು ಬಂದಿದೆ ಎಂದು ಹಣಮಂತಪ್ಪನಿಗೆ ಗೊತ್ತಾಯಿತು. ಅವನು ಕೇಳದೆಯೇ ಚೀಲ ಎತ್ತಿಕೊಂಡ.

ಮಧ್ಯಾಹ್ನ ಎರಡಕ್ಕೆ ಅವರು ಭಾಲ್ಕಿ ತಲುಪಿದರು. ಆಬೇದಾ ಬೇಗಂ ಬಾಗಿಲಲ್ಲೇ ನಿಂತು ಖಡಾಖಂಡಿತ ಹೇಳಿದರು: "ವಜೀರಬೀ, ನೀವು ಹಿರೇರು ಅಂತ ಒಳಗ ಬಿಡ್ತೇನಿ. ಆದ್ರ ನಾಳಿ ಹನ್ನೊಂದರ ಮ್ಯಾಲ ಒಂದು ಮಿನಿಟೂ ಕಾಯೂದಿಲ್ಲ."

ಕೋಣೆ ತೋರಿಸಿದವರು ಶಿಕ್ಷಕ ಸತೀಶಕುಮಾರ. ಐವತ್ತರ ಆಸುಪಾಸಿನ ಮೃದು ಮಾತಿನ ಮನುಷ್ಯ, ಊರು ಔರಾದ. ಕೋಣೆಗೆ ಎಡಕ್ಕೊಂದು, ಬಲಕ್ಕೊಂದು ಕಿಟಕಿ. ಎಡಗಡೆಯದು ಮುಚ್ಚಿತ್ತು.

"ಎರಡು ದಿನ ಆತು, ಆ ಕಡಿ ರಸ್ತಾ ಅಗದು ಧೂಳೋ ಧೂಳು. ಅದಕ್ಕ ಮುಚ್ಚಸೇನಿ," ಎಂದರು ಸತೀಶಕುಮಾರ. ಖಾಲಿ ಮೇಜಿನತ್ತ ನೋಡಿ ಅವರ ಕಣ್ಣು ತುಂಬಿತು. "ಇಪ್ಪತ್ತು ವರ್ಷ ಆ ಸುರಾಹಿ ಇಟ್ಟೇ ಕಲಿಸೇನ್ರಿ. ನಾನೂ ಸಣ್ಣಾವ ಇದ್ದಾಗ ಅದನ್ನೇ ನೋಡಿ ಕಲ್ತಾವ."

ಪಾಪ ಅನ್ನಿಸಿತು ಹಣಮಂತಪ್ಪನಿಗೆ.

ಕಾವಲುಗಾರ ರಿಜ್ವಾನನ ಹತ್ತಿರ ಹೊರಬಾಗಿಲಿನ ಕೀಲಿ ಇತ್ತು. ಒಳಗಿನ ಗಾಜಿನ ಕಪಾಟು, ಬಣ್ಣದ ಕಪಾಟುಗಳ ಕೀಲಿ ಸತೀಶಕುಮಾರರದು. "ಶುಕ್ರವಾರ ಸಂಜಿ ಸರ್ ಸುರಾಹಿ ಒರಸಿ ಕಪಾಟಿನ್ಯಾಗ ಇಟ್ಟು ಔರಾದಿಗೆ ಹ್ವಾದ್ರು," ಎಂದ ರಿಜ್ವಾನ. "ಶನಿವಾರ ಮುಂಜಾನಿ ಅವರೇ ತಗದು ಮೇಜಿಗಿ ಜೋಡಿಸಿದ್ರು. ನಾ ಅದನ್ನ ಮುಟ್ಟೂದೇ ಇಲ್ರಿ, ಬೈಸಿಕೊಳ್ಳೂದು ಯಾಕ ಬೇಕು?"

ಇರಮಳ ಪಕ್ಕದ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದವನು ಫರ್ದೀನ. ಕುಂಚ ಮರೆತೆನೆಂದು ಸಂಜೆ ವಾಪಸು ಬಂದಿದ್ದ, ಹಾಗಾಗಿ ಅವನ ಮೇಲೂ ನಾಲ್ಕು ಜನರ ಕಣ್ಣಿತ್ತು. ವಜೀರಬೀ ಅವನನ್ನು ಕರೆಸಿ, ಅವನ ಚಿತ್ರ ತೆಗೆಸಿ ನೋಡಿದರು. ಸುರಾಹಿಯ ಬಲ ಹೊಟ್ಟೆಯ ಮೇಲೆ ಹಾಳೆಯ ಬಿಳಿಯನ್ನೇ ಉಳಿಸಿ ಪಳಪಳ ಹೊಳಪು ಬಿಟ್ಟಿದ್ದ.

"ಇಷ್ಟು ಹೊಳೀತಿತ್ತೇನೋ ಬೇಟಾ?"

ಹುಡುಗ ತಲೆ ಕೆರೆದುಕೊಂಡ. "ಬಿದರಿ ಅಂದ್ರ ಹೊಳೀಬೇಕಲ್ರಿ. ಹಾಕಿದೆ."

ಮಿಕ್ಕ ಹತ್ತು ಮಕ್ಕಳೂ ಹಾಗೇ ಹಾಕಿದ್ದರು. ಕೊನೆಗೆ ಇರಮಳ ಚಿತ್ರ ಬಂತು. ನೋಡುತ್ತಲೇ ಹಣಮಂತಪ್ಪನ ಎದೆ ಹಿಗ್ಗಿತು. ಚೊಂಬಿನ ಬಲಕ್ಕೆ ಹೊಳಪು. ಅದರ ಹಿತ್ತಾಳೆ ಮೈಯಲ್ಲಿ ಪಕ್ಕದ ಲಿಂಬೆಯ ಹಳದಿ ಸಣ್ಣಗೆ ಪ್ರತಿಫಲಿಸಿತ್ತು. ಎಲ್ಲ ವಸ್ತುಗಳ ನೆರಳು ಎಡಕ್ಕೆ ಬಿದ್ದಿತ್ತು. ಆದರೆ ಸುರಾಹಿ ನೋಡಿದಾಗ ಅವನಿಗೆ ಏನೋ ಇರುಸುಮುರುಸು. ಲಿಂಬೆಗೆ ಚೊಂಬಿಗಿಂತ ಹತ್ತಿರವಿದ್ದರೂ ಅದರ ಮೈಯಲ್ಲಿ ಹಳದಿಯ ಸುಳಿವಿಲ್ಲ, ಹೊಟ್ಟೆಯ ಎಡಮೇಲ್ಭಾಗದಲ್ಲಿ ಮಾತ್ರ ಒಂದು ಬಿಳಿ ಗೀರು.

"ಟೀಚರ್, ಈ ಸುರಾಹಿಗಿ ಸೂರ್ಯ ಬ್ಯಾರೆ ಅದಾನೇನ್ರಿ?" ಎಂದುಬಿಟ್ಟ.

ವಜೀರಬೀ ಅವನ ಮೊಣಕೈ ಜೋರಾಗಿ ಚಿವುಟಿದರು. ಸತೀಶಕುಮಾರ ಬಾಗಿಲ ಬಳಿ ರಿಜ್ವಾನನ ಜೊತೆ ಮಾತಾಡುತ್ತಿದ್ದರು. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಹೊರಡುವ ಮುಂಚೆ ವಜೀರಬೀ ಹಿತ್ತಲಿಗೆ ಹೋದರು. ಮಕ್ಕಳು ಚಿತ್ರ ಬಿಡಿಸಲು ಇಟ್ಟು ಒಡೆದ ಗಡಿಗೆ, ಕುಡಿಕೆಗಳ ರಾಶಿ ಅಲ್ಲಿತ್ತು. ಬಗ್ಗಿ ಕೆದಕಿ ಕೆದಕಿ ಅಂಗೈಯಗಲದ ಒಂದು ಚೂರು ಎತ್ತಿದರು. ಒಳಗೆ ಕೆಂಪು ಮಣ್ಣು, ಹೊರಗೆ ಕಪ್ಪು, ಕಪ್ಪಿನ ಮೇಲೆ ಬೂದು ಗೆರೆ. ಬೆರಳಿಗೆ ಎಂಜಲು ಹಚ್ಚಿ ಉಜ್ಜಿದರು, ಬೆರಳು ಕಪ್ಪಾಯಿತು. ಚೂರನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ಸೋಮವಾರ ಹತ್ತೂವರೆಗೆ ಅಂಗಳದ ತುಂಬ ಮಕ್ಕಳು, ತಾಯಿ-ತಂದೆಯರು. ಒಳಗೆ ಪರೀಕ್ಷೆ ಕೋಣೆಯಲ್ಲಿ ಆಬೇದಾ ಬೇಗಂ, ಸತೀಶಕುಮಾರ, ರಿಜ್ವಾನ, ಫರ್ದೀನ, ಯಾಕೂಬ ಸೇರಿದ್ದರು. ಇರಮ ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದಳು. ಬೇಗಂರ ಕೈಯಲ್ಲಿ ಫೋನು ತಯಾರಾಗಿಯೇ ಇತ್ತು.

"ಅರ್ಧಾ ತಾಸು ಅದ," ಎಂದರು ಅವರು.

"ಸಾಕು," ಎಂದರು ವಜೀರಬೀ. "ಹಣಮಂತಪ್ಪ, ನಾಲ್ಕು ತಿಂಗಳಾತು ಕಲೀಲಿಕತ್ತು. ಜಲವರ್ಣದಾಗ ಬಿಳಿ ಬೇಕಂದ್ರ ಏನು ಮಾಡ್ತೀ?"

ಸಾಲೆ ಹುಡುಗನ ಹಾಗೆ ಎದ್ದು ನಿಂತ ಹಣಮಂತಪ್ಪ. "ಬಿಳಿ ಬಣ್ಣ ಹಚ್ಚಂಗಿಲ್ರಿ. ಹಾಳಿ ಖಾಲಿ ಬಿಡೂದು."

"ಶಾಣ್ಯಾ! ಪರೀಕ್ಷಾದಾಗೂ ಅದೇ ನಿಯಮ ಇತ್ತು. ಬಿಳಿ ಟ್ಯೂಬು ತರಂಗಿಲ್ಲ ಅಂತ ಬಾಗಲಾಗೇ ರಿಜ್ವಾನ ಎಲ್ಲಾರ ಡಬ್ಬಿ ನೋಡ್ಯಾನ. ಹೌದಲ್ಲೋ?"

"ಹೌದ್ರಿ," ಎಂದ ರಿಜ್ವಾನ.

ವಜೀರಬೀ ಇರಮಳ ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. "ಹಂಗಾರ ಈ ಬಿಳಿ ಎಲ್ಲಿಂದ ಬಂತು? ನೋಡ್ರಿ ಬೇಗಂ, ಕಪ್ಪಿನ ಮ್ಯಾಲ ದಪ್ಪಗ ಕುಂತದ. ಇದು ಪೋಸ್ಟರ್ ಬಣ್ಣ. ಇನ್ನ ನೆರಳು ಎಲ್ಲಿ ಬಿದ್ದಾವ? ಎಡಕ್ಕ. ಅಂದ್ರ ಬೆಳಕು ಬಲಕ್ಕಿಂದು. ಚೊಂಬಿನ ಹೊಳಪು ಬಲಕ್ಕ, ಫರ್ದೀನನ ಸುರಾಹಿ ಹೊಳಪು ಬಲಕ್ಕ. ಇದೊಂದೇ ಎಡಕ್ಕ ಯಾಕ?"

"ಹುಡುಗಿ ತಪ್ಪ್ಯಾಳ," ಎಂದರು ಬೇಗಂ.

"ಚೊಂಬಿನ್ಯಾಗ ಲಿಂಬಿ ಹಳದಿ ಕಂಡಾಕಿ ಇದನ್ನ ತಪ್ಪತಾಳೇನ್ರಿ? ಇರಮ, ಈ ಬಿಳಿ ನೀ ಹಚ್ಚೀಯೇನು?"

ಇರಮ ಎರಡು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. "ಇಲ್ರಿ. ಸುರಾಹಿ ಹೊಳೀಲೇ ಇಲ್ರಿ. ಲಿಂಬಿನೂ ಅದರಾಗ ಕಾಣಲಿಲ್ಲ. ಕಂಡಿಲ್ಲದ್ದು ನಾ ಹ್ಯಾಂಗ ಹಾಕಲಿ?"

"ಕೇಳಿದ್ರೇನು? ಹನ್ನೊಂದು ಮಕ್ಕಳು ತಮಗ ಗೊತ್ತಿದ್ದದ್ದು ಬರದ್ರು. ಇಕಿ ಒಬ್ಬಾಕಿ ಕಂಡದ್ದು ಬರದ್ಳು. ಎಣ್ಣಿ ಹಚ್ಚಿ ತಿಕ್ಕಿದ ಬಿದರಿ ಹೊಳೀಲಿಲ್ಲ ಅಂದ್ರ ಅದು ಬಿದರಿನೇ ಅಲ್ಲ." ವಜೀರಬೀ ಕರವಸ್ತ್ರ ಬಿಚ್ಚಿ ಮಣ್ಣಿನ ಚೂರು ಮೇಜಿನ ಮೇಲಿಟ್ಟರು. "ಇದು ನಿಮ್ಮ ಹಿತ್ತಲದಾಗ ಸಿಕ್ತು. ಮಣ್ಣಿನ ಸುರಾಹಿಗಿ ಕರೀ ಪೋಸ್ಟರ್ ಬಣ್ಣ ಬಳದು ಬೂದು ಬಳ್ಳಿ ಬರದಾರ. ಒಣಗಿದ ಮ್ಯಾಲ ಇದು ಸುಣ್ಣದಂಗ ಮಂಕಾಗತದ, ಹೊಳಿಯಾಂಗಿಲ್ಲ. ಶನಿವಾರ ಮುಂಜಾನಿ ಮೇಜಿನ ಮ್ಯಾಲ ಇದ್ದದ್ದು ಇದು. ಖರೇ ಸುರಾಹಿ ಶುಕ್ರವಾರನೇ ಹೋಗ್ಯದ. ಇರಮ ಆ ಹತ್ತು ಮಿನಿಟಿನ್ಯಾಗ ಕದೀಲಿಕ್ಕೆ ಇಲ್ಲಿ ಏನೂ ಇರಲೇ ಇಲ್ಲ."

ಯಾಕೂಬ ಗೋಡೆಗೆ ಒರಗಿಕೊಂಡ. ಬೇಗಂ ಫೋನನ್ನು ಮೇಜಿನ ಮೇಲಿಟ್ಟರು.

"ಖೋಟಾದ್ದನ್ನ ಒಡದದ್ದು ಯಾಕ?" ಎಂದು ಕೇಳಿದರು.

"ನೀವು ಕೈಯಾಗ ಹಿಡದ್ರ ತೂಕಕ್ಕೇ ಗೊತ್ತಾಗತಿತ್ತು. ನೀವು ಶನಿವಾರ ಬೀದರಿಗಿ ಹೋಗತೀರಿ ಅಂತ ತಿಳದಾವ, ನೀವು ಬರೂದರೊಳಗ ಒಡದು ರಾಶಿಗಿ ಬೆರಸ್ಯಾನ. ಆಮ್ಯಾಲ ಚಿತ್ರ ನೋಡಿ ಎದಿ ಧಸಕ್ಕಂದಿರಬೇಕು. ಈ ಒಂದು ಮಂಕ ಸುರಾಹಿ ನಿಮ್ಮ ಕಣ್ಣಿಗಿ ಬಿದ್ರ? ಅದಕ್ಕ ಬಿಳಿ ಎಳದ. ಫರ್ದೀನ ಎಳದಿದ್ರ ಬಲಕ್ಕ ಎಳೀತಿದ್ದ, ಅಂವಾ ಅಲ್ಲೇ ಕುಂತು ಬೆಳಕು ನೋಡ್ಯಾನ. ರಿಜ್ವಾನ ಕುಂಚ ಹಿಡದಾವ ಅಲ್ಲ, ಬಣ್ಣದ ಕಪಾಟಿನ ಕೀಲಿನೂ ಅವನ ಹಂತ್ಯಾಕ ಇಲ್ಲ. ಇಪ್ಪತ್ತು ವರ್ಷ ಈ ಕೋಣ್ಯಾಗ ಎಡಗಿಟಕಿ ಬೆಳಕಿನ್ಯಾಗ ಮಕ್ಕಳ ಚಿತ್ರ ತಿದ್ದಿ ತಿದ್ದಿ, ಎಡಕ್ಕೇ ಹೊಳಪು ಇಟ್ಟು ರೂಢಿ ಆದ ಕೈ ಒಂದೇ ಅದ."

ಯಾರೂ ಸತೀಶಕುಮಾರರತ್ತ ನೋಡುವ ಧೈರ್ಯ ಮಾಡಲಿಲ್ಲ. ಅವರು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು.

"ಮಾರಿಲ್ರಿ," ಎಂದರು ಕೊನೆಗೆ. "ಔರಾದಿನ್ಯಾಗ ಅದ, ನಮ್ಮವ್ವನ ಜ್ವಾಳದ ಚೀಲದಾಗ. ಬೆಂಗಳೂರಿಗಿ ಕಳಸ್ತೀನಿ ಅಂದ್ರಿ ಬೇಗಂ. ಯಾರೋ ಗಾಜಿನ್ಯಾಗ ಇಟ್ಟು ಬೀಗ ಹಾಕೂದು, ನಮ್ಮ ಮಕ್ಕಳು ಅದನ್ನ ಮತ್ತ ನೋಡೂದೇ ಇಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ."

"ಅದಕ್ಕ ಈ ಕೂಸಿನ ಮಾರಿಗಿ ಮಸಿ ಬಳದ್ರೇನು?" ವಜೀರಬೀ ಗುಡುಗಿದರು. "ಸುರಾಹಿ ಮ್ಯಾಲ ಅಷ್ಟು ಮಮತಾ ಇದ್ದಾವ್ರು ಇಕಿ ಚೀಲ ಝಾಡಿಸೂ ಮುಂದ ಎಲ್ಲಿದ್ರಿ? ಅಲ್ಲೇ ನಿಂತಿದ್ರಿ! ಇಂಥಾ ಕಣ್ಣಿನ ಶಿಷ್ಯ ನಿಮಗ ಇನ್ನೊಂದು ಸಿಗತಿತ್ತೇನು? ನಾಚಿಕಿ ಬರಬೇಕು!"

ಸತೀಶಕುಮಾರ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದರು. ಆಬೇದಾ ಬೇಗಂ ಕೀಲಿಗೊಂಚಲಿಗಾಗಿ ಕೈ ಚಾಚಿದರು, ಅವರು ಜೇಬಿನಿಂದ ತೆಗೆದು ಕೊಟ್ಟರು. ಬೇಗಂ ಇರಮಳ ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

"ಸೀಟು ನಿಂದು ಬೇಟಿ," ಎಂದರು ಮೆಲ್ಲಗೆ. "ಇದರ ಬಗ್ಗೆ ಎರಡು ಮಾತಿಲ್ಲ. ಹೋಗು, ಅಬ್ಬಾನ ಕರಕೊಂಡು ಮನಿಗಿ ಹೋಗು. ನಾಳಿಂದ ಬಾ."

ಯಾಕೂಬ ಎರಡೂ ಕೈ ಎತ್ತಿ ಸಲಾಮು ಮಾಡಿ ಮಗಳ ಭುಜ ಹಿಡಿದು ಬಾಗಿಲತ್ತ ಹೊರಟ. ಇರಮ ಕದಲಲಿಲ್ಲ.

"ಬರಂಗಿಲ್ರಿ," ಎಂದಳು.

"ಹುಚ್ಚಿ!" ಯಾಕೂಬ ಗಾಬರಿಯಾದ. ಕೈಗೆ ಬಂದದ್ದನ್ನು ಈ ಹುಡುಗಿ ಒದೆಯುತ್ತಾಳಲ್ಲ ಎಂದು ಹಣಮಂತಪ್ಪ ವಜೀರಬೀಯ ಮುಖ ನೋಡಿದ. ಅವರು ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

"ಕಳ್ಳಿ ಅಂತ ನೀವು ಅಂದದ್ದು ಅಂಗಳದಾಗ್ರಿ, ಎಲ್ಲಾರ ಮುಂದ," ಎಂದಳು ಇರಮ. ಕಣ್ಣು ಬೇಗಂರ ಮೇಲೇ ಇತ್ತು. "ಅಲ್ಲ ಅನ್ನೂದು ಮಾತ್ರ ಇಲ್ಲಿ, ಬಾಗಲಾ ಹಾಕ್ಕೊಂಡು. ನಾಳಿ ನಾ ಇಲ್ಲಿ ಕುಂತ್ರ ಅವರೆಲ್ಲಾ ನನ್ನ ಏನಂತಾರ?"

ಬೇಗಂರ ಮುಖ ಕೆಂಪಾಯಿತು. ಆ ಊರಿನಲ್ಲಿ ಅವರಿಗೆ ಎದುರಾಡಿದವರನ್ನು ಯಾರೂ ಕಂಡಿರಲಿಲ್ಲ. ಒಂದು ಗಳಿಗೆ ಅವರು ಗದರಿಯೇ ಬಿಡುತ್ತಾರೆಂದು ಹಣಮಂತಪ್ಪ ಅಂದುಕೊಂಡ. ಅವರು ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಚಿತ್ರವನ್ನು ಎದೆಗೆ ಹಿಡಿದು, ತಾವೇ ಅಗುಳಿ ತೆಗೆದು ಹೊರಗಿನ ಮೆಟ್ಟಿಲ ಮೇಲೆ ನಿಂತರು.

"ಎಲ್ಲಾರೂ ಇಲ್ಲಿ ಕೇಳ್ರಿ! ಶನಿವಾರ ಈ ಅಂಗಳದಾಗ ನಾ ಒಂದು ತಪ್ಪು ಮಾಡೇನಿ."

ಒಳಗೆ ಇರಮ ಎರಡು ದಿನದಿಂದ ತಡೆದದ್ದನ್ನೆಲ್ಲ ತಂದೆಯ ಎದೆಗೆ ಮುಖವಿಟ್ಟು ಜೋರಾಗಿ ಅತ್ತಳು.