ಹತ್ತೊಂಬತ್ತನೇ ಕಂತಿನ ಕೊನೆಯ ಐದು ನಿಮಿಷ

ಶನಿವಾರ ಬೆಳಿಗ್ಗೆ ಎಂಟಕ್ಕೆ ದರ್ಜಿ ಮಾಸ್ತರರ ಫೋನು.

"ಅಮ್ಮಾ, ಎಲ್ಲಾ ಹೋಯ್ತು. ಅರವತ್ತೆರಡು ಕಂತನ್ನೂ ಯಾರೋ ಅಳಿಸಿಹಾಕಿದ್ದಾರೆ."

ಕೇಳಲೇಬೇಕಾದ ಪಾಡ್‌ಕಾಸ್ಟ್‌ಗಳ ಪಟ್ಟಿಯನ್ನು ಪ್ರತಿ ಶನಿವಾರ ಪತ್ರಿಕೆಯಲ್ಲಿ ಬರೆಯುವವಳು ನಾನು. ಅಂದಿನ ಪಟ್ಟಿಯಲ್ಲಿ ಮೊದಲ ಹೆಸರೇ ಮಾಸ್ತರರ 'ಅಳತೆ'. ಹೊಲಿಯುತ್ತ ಗಿರಾಕಿಗಳ ಕಥೆ ಹೇಳುತ್ತಾರೆ. 'ಹತ್ತೊಂಬತ್ತನೇ ಕಂತಿನಿಂದ ಶುರುಮಾಡಿ' ಎಂದು ಬೇರೆ ಬರೆದಿದ್ದೆ.

ಸೋಮವಾರ ಅವರಿಗೆ ಗಂಟಲಿನ ಆಪರೇಷನ್. ಆಮೇಲೆ ದನಿ ಇರುವುದಿಲ್ಲ. ಉಳಿಯುವುದು ಆ ಕಂತುಗಳಲ್ಲಿರುವ ದನಿ ಮಾತ್ರ.

*

ಅಂಗಡಿಯಲ್ಲಿ ಮಾಸ್ತರರ ಹೆಂಡತಿ ಗುಂಡಿ ಹಚ್ಚುತ್ತಿದ್ದರು.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಎಂದೆ.

"ನಿಧಾನಕ್ಕೆ ಹೇಳಮ್ಮ, ಕಿವಿ ಮಂದ."

ಮಾಸ್ತರರೇ ಉತ್ತರ ಕೊಟ್ಟರು. "ಪಕ್ಕದ ಬೀದಿ ಸಿನಿಮಾ ಪಂಡಿತ. ಪಟ್ಟಿಯಲ್ಲಿ ತನ್ನ ಪಾಡ್‌ಕಾಸ್ಟ್ ಇಲ್ಲ ಅಂತ ಆರು ಗಂಟೆಗೇ ಪೇಪರ್ ಹಿಡ್ಕೊಂಡು ಬಂದು ಕೂಗಾಡಿದ. ಆಮೇಲೆ ನಾನು ಆಸ್ಪತ್ರೆಗೆ ಹೋದೆ. ಬಂದು ನೋಡಿದ್ರೆ ಏನೂ ಇಲ್ಲ."

ಅಳಿಸಿದ ಸಮಯ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಏಳು ಹತ್ತು.

*

"ಹೊಟ್ಟೆ ಉರಿದಿದ್ದು ನಿಜ ಕಣ್ರೀ," ಎಂದ ಪಂಡಿತ. "ಆದ್ರೆ ಏಳಕ್ಕೆ ನಾನು ಲೈವ್‌ನಲ್ಲಿದ್ದೆ. ಮುನ್ನೂರು ಜನ ಕೇಳ್ತಿದ್ರು."

"ಮುನ್ನೂರು?"

"ಹನ್ನೊಂದು," ಎಂದು ತಲೆ ತಗ್ಗಿಸಿದ. "ಮಾಸ್ತರ ಕಂತು ನಾನೂ ಕೇಳ್ತೀನಿ. ಅಳಿಸೋಕೆ ಕೈಯಾದ್ರೂ ಹೇಗೆ ಬರುತ್ತೆ?"

ಲೈವ್ ನಡೆದದ್ದು ನಿಜವಾಗಿತ್ತು. ಬರಿಗೈಯಲ್ಲಿ ಮರಳಿದೆ.

*

ಅಂಗಡಿಯ ಕಂಪ್ಯೂಟರಿನ ಮುಂದೆ ಮತ್ತೆ ಕುಳಿತೆ. ಕಂತುಗಳು ಅಳಿಸಿದ್ದರೂ ಕೊನೆಯದಾಗಿ ಕೇಳಿದ್ದರ ದಾಖಲೆ ಉಳಿದಿತ್ತು: ಹತ್ತೊಂಬತ್ತನೇ ಕಂತು. ಯಾರೋ ನಲವತ್ತೈದು ನಿಮಿಷವನ್ನೂ ಪೂರ್ತಿ ಕೇಳಿದ್ದರು. ಅದೂ ಮುಕ್ಕಾಲು ವೇಗದಲ್ಲಿ. ಅಂದರೆ ಸರಿಯಾಗಿ ಒಂದು ಗಂಟೆ. ದ್ವೇಷಕ್ಕೆ ಅಳಿಸುವವರು ಇಷ್ಟು ತಾಳ್ಮೆಯಿಂದ ಕೂತು ಕೇಳುತ್ತಾರೆಯೇ?

ಆ ಕಂತಿನ ಒಂದು ಪ್ರತಿ ನನ್ನ ಫೋನಿನಲ್ಲಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಯಾವುದನ್ನೂ ಪೂರ್ತಿ ಕೇಳುವುದಿಲ್ಲ. ದುಪ್ಪಟ್ಟು ವೇಗದಲ್ಲಿ ಮೊದಲ ಹತ್ತು ನಿಮಿಷ ಕೇಳಿ, ಹೊಗಳಿ ಬರೆದು ಕೈತೊಳೆದುಕೊಳ್ಳುತ್ತೇನೆ. ವಾರಕ್ಕೆ ಐದರ ಪಟ್ಟಿ ಕೊಡುವವರು ಮಾಡುವ ಕಳ್ಳಾಟ ಇದು. ಈಗ ಕೊನೆಯ ಐದು ನಿಮಿಷ ಕೇಳಿದೆ.

"ನಮ್ಮ ನಾದಿನಿ ತೋಳು ಉದ್ದ ಮಾಡಿ ಅಂತಾಳೆ. ಯಾಕೆ? ಗಂಡ ಹೊಡೆದ ಬಾಸುಂಡೆ ಕಾಣಬಾರದು. ಅವಳ ಕಾಗದಪತ್ರ ಎಲ್ಲಾ ಕೋಟಿನ ಲೈನಿಂಗ್ ಒಳಗಿಟ್ಟು ಹೊಲಿದುಕೊಟ್ಟಿದ್ದೀನಿ. ಒಂದು ದಿನ ಹೊರಟುಬಿಡ್ತಾಳೆ."

ಫೋನು ಕೆಳಗಿಟ್ಟು ಎದ್ದೆ.

*

ಮಾಸ್ತರರ ಹೆಂಡತಿಯ ಪಕ್ಕ ಕುಳಿತು ನಿಧಾನವಾಗಿ ಕೇಳಿದೆ. "ಅಕ್ಕಾ, ಮುಕ್ಕಾಲು ವೇಗದಲ್ಲಿ ಕೇಳೋರು ಈ ಮನೇಲಿ ನೀವೊಬ್ಬರೇ. ನೀವೇ ಅಲ್ವಾ?"

ಮಾಸ್ತರರ ಕತ್ತರಿ ನಿಂತಿತು.

"ಹೌದು," ಎಂದರು ಅಕ್ಕ. "ಹತ್ತೊಂಬತ್ತು, ಹತ್ತೊಂಬತ್ತು ಅಂತ ಪಂಡಿತ ಕೂಗ್ತಿದ್ದ. ಏನಿದೆ ಅದರಲ್ಲಿ ಅಂತ ಕೇಳಿದೆ. ತಂಗಿ ಗಂಡ ನಿನ್ನ ಪಟ್ಟಿ ಒಂದು ವಾರವೂ ಬಿಡಲ್ಲ. ಅವಳು ಹೊರಡೋದು ನಾಳೆ."

"ಅರವತ್ತೆರಡೂ ಯಾಕೆ?"

"ಒಂದನ್ನೇ ತೆಗೆದ್ರೆ ಅದರಲ್ಲೇನಿತ್ತು ಅಂತ ಎಲ್ಲರೂ ಕೆದಕ್ತಾರೆ. ಇನ್ನೆರಡು ದಿನಕ್ಕೆ ಮಾತು ನಿಲ್ಲೋ ಮನುಷ್ಯನಿಗೆ ನಿಮ್ಮ ಬಾಯಿಂದಲೇ ಕೆಟ್ಟಿತು ಅಂತ ಹೇಗೆ ಹೇಳಲಿ?" ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ತೆಗೆದರು. "ಇವರ ದನಿ ನಾನು ಅಳಿಸ್ತೀನಾ? ಅರವತ್ತೊಂದೂ ಇದರಲ್ಲಿದೆ."

ಮಾಸ್ತರರು ಹಣೆ ಚಚ್ಚಿಕೊಂಡರು. "ಕೇಳೋರು ಮೂವತ್ತು ಜನ ದರ್ಜಿಗಳು ಅಂತ ಬಾಯಿಗೆ ಬಂದದ್ದೆಲ್ಲಾ ಹೇಳಿಬಿಟ್ಟೆ."

"ತಪ್ಪು ನಂದು ಮಾಸ್ಟ್ರೇ. ಪೂರ್ತಿ ಕೇಳಿದ್ರೆ ಬರೀತಾನೇ ಇರ್ಲಿಲ್ಲ."

ಲೆಕ್ಕ ನೋಡಿದೆವು. ಬೆಳಗಿನಿಂದ ಆ ಕಂತನ್ನು ಕೇಳಿದ್ದು ಒಬ್ಬರೇ, ಈ ಅಂಗಡಿಯಿಂದಲೇ. ಇನ್ನು ಉಳಿದದ್ದು ನನ್ನ ಫೋನಿನ ಪ್ರತಿ. ನಾನು ಕೇಳಿದಷ್ಟರಲ್ಲಿ ಅವರ ಅತಿ ಒಳ್ಳೆಯ ಕಂತು ಅದು.

"ಅಳಿಸಿಬಿಡು ತಾಯಿ," ಎಂದರು ಮಾಸ್ತರರು. ಅಳಿಸಿದೆ.

*

ಗುರುವಾರ ಆಸ್ಪತ್ರೆಗೆ ಹೋದೆ. ಕತ್ತಿಗೆ ಪಟ್ಟಿ ಸುತ್ತಿದ್ದರು. ನನ್ನನ್ನು ಕಂಡು ಚೀಟಿ ಬರೆದರು.

'ನಾದಿನಿ ಕ್ಷೇಮವಾಗಿ ಸೇರಿದಳು.'

ತಡೆಯಲಾಗದೆ ಅತ್ತುಬಿಟ್ಟೆ. ಅವರು ಚೀಟಿ ಕಸಿದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದರು.

'ಮಿಕ್ಕ ಅರವತ್ತೊಂದನ್ನಾದರೂ ಪೂರ್ತಿ ಕೇಳಮ್ಮ.'