ಸೋದರನ ಪದಕ

“ಸತ್ತವರ ಪದಕದ ಮೇಲೆ ಅರ ಆಡಿಸ್ಬೇಡಿ ಅಳಿಯಂದ್ರೇ. ಕರಗಿಸಿ, ಹೊಸ ಬಿಲ್ಲೆ ಮಾಡಿ, ಆಮೇಲೆ ಕೆತ್ತಿ,” ಎಂದರು ಮಾವ. ಕೈ ನಡುಗತೊಡಗಿದ ಮೇಲೆ ಅವರು ಉಳಿ ಹಿಡಿದಿರಲಿಲ್ಲ. ಮೂರು ತಿಂಗಳಿಂದ ಬೆಳ್ಳಿ ಅಂಗಡಿಯ ಕೆತ್ತನೆಯೆಲ್ಲ ಅಳಿಯನದೇ.

“ಕೆರೆದ್ರೆ ಏನ್ಮಾಡ್ತಾರೆ ಮಾವ? ಎದ್ದು ಬಂದು ಕಪಾಳಕ್ಕೆ ಬಾರಿಸ್ತಾರಾ?”

“ನಗಬೇಡಿ. ಒಬ್ಬ ಸೋದರನ ಜಾಗ ಇನ್ನೊಬ್ಬ ಕಸಿಯಬಾರದು ಅಂತ ಸಂಘ ಕಟ್ಟಿದವರು ಮಾಟ ಮಾಡಿಸಿಟ್ಟಿದಾರೆ.”

ಸೋದರರ ಸಂಘದಲ್ಲಿ ಬೆಳ್ಳಿಯ ಪದಕವೇ ಮನುಷ್ಯನ ಗುರುತು. ಅದು ಎದೆಯ ಮೇಲಿದ್ದರೆ ಕಾಯಿಲೆಗೆ ಆಗುವವರು, ಹೆಣಕ್ಕೆ ಹೆಗಲು ಕೊಡುವವರು ನೂರು ಮಂದಿ. ಸತ್ತ ಮೇಲೆ ಪದಕ ಅಂಗಡಿಗೆ ವಾಪಸು. ಅವತ್ತು ಸಂಜೆ ಸಂಘ ಸೇರಬೇಕಿದ್ದವನು ಮಾವನ ಒಬ್ಬನೇ ಮಗ, ಮನೆಯವರ ಬಾಯಲ್ಲಿ ಗುಂಡ. ಅವನಿಗೆಂದು ಮಾಡಿದ ಬಿಲ್ಲೆ ಬೆಳಿಗ್ಗೆ ಸೀಳಿಹೋಗಿತ್ತು. ಕರಗಿಸಿ ಬಡಿಯಲು ಎರಡು ದಿನ ಬೇಕು. ಕೆರೆಯಲು ಅರ್ಧ ಗಂಟೆ ಸಾಕು.

ಮಾವ ಊಟಕ್ಕೆ ಹೋದರು. ಹೋದ ತಿಂಗಳು ಸತ್ತ ಔಷಧಿ ಅಂಗಡಿಯವರ ಪದಕವನ್ನು ಅಳಿಯ ಬಿಸಿ ಅರಗಿನ ಮೇಲೆ ಕೂರಿಸಿ, ಹಿಂಬದಿಯ ಹೆಸರಿನ ಮೇಲೆ ಅರ ಎಳೆದ.

ಅರಗಿನ ವಾಸನೆ ಸತ್ತಿತು. ಕೆಮ್ಮಿನ ಔಷಧಿಯ ವಾಸನೆ ಎದ್ದಿತು. ಅದರ ಹಿಂದೆಯೇ, ಬಹಳ ದಿನ ಮಲಗಿದವರ ಹಾಸಿಗೆಯ ವಾಸನೆ. ಕಿಟಕಿಯಲ್ಲಿ ಬಿಸಿಲಿತ್ತು, ಮೇಜಿನ ಮೇಲೆ ಮಾತ್ರ ಕತ್ತಲು. ಅರ ಎಳೆದಾಗಲೆಲ್ಲ ಯಾರೋ ಉಸಿರೆಳೆದಂತೆ ಸದ್ದು. ಅವನು ದೀಪ ಹಚ್ಚಿಕೊಂಡು ಗುಂಡನ ಹೆಸರು ಕೆತ್ತಿ ಒಪ್ಪ ಹಾಕಿದ. ಚೆನ್ನಾಗಿಯೇ ಬಂದಿತ್ತು.

ಸಂಜೆ ಸಂಘದ ಅಧ್ಯಕ್ಷರು ಗುಂಡನ ಎದೆಗೆ ಪದಕ ಚುಚ್ಚುವ ಮೊದಲು, ವಾಡಿಕೆಯಂತೆ, ಹಿಂಬದಿಯ ಹೆಸರನ್ನು ಗಟ್ಟಿಯಾಗಿ ಓದಿದರು.

ಗುಂಡನ ಹೆಸರಲ್ಲ. ಔಷಧಿ ಅಂಗಡಿಯವರದು.

ಯಾರೂ ಬೆಚ್ಚಲಿಲ್ಲ. ನೂರು ಗಂಟಲು ಅದನ್ನೇ ಮೂರು ಸಲ ಕೂಗಿದವು. ಗುಂಡ ಕೆಮ್ಮಿದ. ಮತ್ತೆ ಕೆಮ್ಮಿದ. ಬೆನ್ನು ಬಾಗಿತು.

“ಇದ್ದೇನೆ,” ಎಂದ. ಮುದಿ ದನಿ.

ಹೆಂಗಸರ ಸಾಲಿನಿಂದ ಔಷಧಿ ಅಂಗಡಿಯವರ ಹೆಂಡತಿ ಎದ್ದು ಬಂದರು. ಕಣ್ಣಲ್ಲಿ ಅಳುವೂ ಇಲ್ಲ, ಆಶ್ಚರ್ಯವೂ ಇಲ್ಲ. “ಬನ್ರೀ, ಮನೆಗೆ ಹೋಗೋಣ.”

ಗುಂಡ ಹೊರಟ. ಅವನ ಅಕ್ಕ, ಅಳಿಯನ ಹೆಂಡತಿ, ಓಡಿ ಬಂದು ತೋಳು ಹಿಡಿದಳು. “ಲೋ ಗುಂಡ, ನಾನು ಕಣೋ!”

“ಯಾರಮ್ಮಾ ನೀನು?”

ರಾತ್ರಿಯೆಲ್ಲ ಅವಳು ಗಂಡನ ಮುಖ ನೋಡಲಿಲ್ಲ. ಬೆಳಿಗ್ಗೆ ಅವನು ಅಂಗಡಿಯಲ್ಲಿ ಕುಲುಮೆ ಹೊತ್ತಿಸಿದ. “ಆ ಪದಕ ಕಿತ್ತು ತಂದು ಕರಗಿಸಿಬಿಡ್ತೀನಿ ಮಾವ.”

“ಸೋದರ ಬದುಕಿರುವಾಗ ಪದಕ ಕರಗಿಸಿದ್ರೆ ಅವನ ಉಸಿರೂ ಹೋಗುತ್ತೆ. ಆ ಉಸಿರು ನನ್ನ ಮಗಂದು.” ಮಾವ ನೀರು ಸುರಿದು ಬೆಂಕಿ ಆರಿಸಿದರು.

ಬಾಗಿಲಲ್ಲಿ ಕೆಮ್ಮು. ಗುಂಡ ಹೊಸ್ತಿಲು ಹಿಡಿದು ನಿಂತಿದ್ದ. ಇಪ್ಪತ್ತೆರಡು ವರ್ಷದ ಮುಖ. ಅದರೊಳಗೆ ಬೇರೆಯವರ ಕಣ್ಣು.

“ಪದಕದ ಸೂಜಿ ಸಡಿಲ ಆಗಿದೆ. ಸ್ವಲ್ಪ ಬಿಗಿ ಮಾಡಿ ಕೊಡ್ತೀರಾ?”

ಅಳಿಯನ ಕೈ ತಾನಾಗಿ ಇಕ್ಕಳದತ್ತ ಹೋಯಿತು. ಮಾವ ಎದ್ದರು. ಕುರ್ಚಿಯ ಧೂಳು ಒರೆಸಿ ಮುಂದಿಟ್ಟರು.

“ಕೂತ್ಕೊಳ್ಳಿ ಯಜಮಾನ್ರೇ,” ಎಂದರು, ಮಗನಿಗೆ.