ಪೆಟ್ಟಿಗೆಯೊಳಗಿನ ವರ್ಷಗಳು

ಬಹಳ ಹಿಂದೆ, ನವಿಲುಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಮಂಜಿನದುರ್ಗವೆಂಬ ರಾಜ್ಯದಲ್ಲಿ ಬೊಮ್ಮರಸನೆಂಬ ತರುಣನಿದ್ದ. ಅರಮನೆಯ ಕುದುರೆ ಕಾಯುವುದು ಅವನ ಕೆಲಸ. ಮದುವೆಯಾದ ಹೊಸತರಲ್ಲೇ ಅವನ ಹೆಂಡತಿ ಕೇತವ್ವೆ ಹೂ ತರಲು ಕಾಡಿಗೆ ಹೋದವಳು ಮರಳಲಿಲ್ಲ.

ಹುಡುಕುತ್ತ ಹೋದವನು ಒಂದು ಗುಹೆ ಹೊಕ್ಕ. ಅಲ್ಲಿ ಸುರುಳಿ ಸುತ್ತಿ ಮಲಗಿತ್ತು ಒಂದು ಹೆಬ್ಬಾವು. ಅದು ಹಾವಿನ ರೂಪ ತಾಳಿದ ಮಾಂತ್ರಿಕ, ವಕ್ರಕುಂಡಲ.

"ನಿನ್ನ ಹೆಂಡತಿಯ ವಯಸ್ಸನ್ನೆಲ್ಲ ಕದ್ದು ಈ ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ," ಎಂದಿತು ಹಾವು. "ಇದರೊಳಗೆ ಚಿಕ್ಕ ಪೆಟ್ಟಿಗೆಗಳು, ಅವುಗಳೊಳಗೆ ಹರಳುಗಳು. ಹರಳಿನ ಮೇಲೆ ಎಷ್ಟು ಚುಕ್ಕೆಯೋ ಅಷ್ಟು ವರ್ಷ. ಒಟ್ಟು ಎಷ್ಟು, ಹೇಳು. ನೀನು ಹೇಳಿದಷ್ಟೇ ವಯಸ್ಸಿನವಳಾಗಿ ಬರುತ್ತಾಳೆ. ಮೂರನೆಯ ಮಾತೇ ಕೊನೆಯದು, ನೆನಪಿರಲಿ."

ಬೊಮ್ಮರಸನ ತಲೆ ಗಿರ್ರೆಂದಿತು. ಹೆಂಡತಿಯ ವಯಸ್ಸನ್ನು ಅವನು ಎಂದೂ ಕೇಳಿರಲಿಲ್ಲ. ದೊಡ್ಡ ಪೆಟ್ಟಿಗೆ ತೆರೆದ. ಕಂಡದ್ದು ಚಿಕ್ಕ ಪೆಟ್ಟಿಗೆಗಳು. ಎಣಿಸಿದ.

"ಮೂರು!"

ಹೊಗೆಯೆದ್ದಿತು. ಬೆರಳು ಚೀಪುತ್ತ ಮೂರು ವರ್ಷದ ಕೂಸೊಂದು ನಿಂತಿತ್ತು. ಅವೇ ಕಣ್ಣು, ಅದೇ ಗಲ್ಲದ ಮಚ್ಚೆ. ಅವನನ್ನು ಕಂಡು ಹೋ ಎಂದು ಅತ್ತಿತು.

"ಪೆಟ್ಟಿಗೆ ಎಣಿಸಿದೆಯಲ್ಲೋ ಮೂಢ!" ಹಾವು ನಕ್ಕಿತು.

ಅಯ್ಯೋ, ಎಣಿಸಬೇಕಾದ್ದು ಒಳಗಿನದಲ್ಲವೇ! ಮೊದಲ ಚಿಕ್ಕ ಪೆಟ್ಟಿಗೆ ತೆರೆದ. ನಾಲ್ಕು ಚುಕ್ಕೆಯದೊಂದು ಹರಳು, ಐದರದೊಂದು. ಅಂಗೈಯಲ್ಲಿಟ್ಟು ಕೂಡಿದ, ಒಂಬತ್ತು. ಮತ್ತೆ ಅಲ್ಲೇ ಇಟ್ಟು, ಬರಿಗೈಯಲ್ಲಿ ಎರಡನೆಯದಕ್ಕೆ ಹೋದ. ಆರು. ಅದನ್ನೂ ಇಟ್ಟು ಮೂರನೆಯದಕ್ಕೆ ಹೋದ. ಎರಡು, ಐದು. ಕೈಯಲ್ಲಿದ್ದದ್ದನ್ನೇ ಕೂಗಿದ.

"ಏಳು!"

ಕೂಸು ಸರ್ರನೆ ಬೆಳೆದು ಏಳು ವರ್ಷದ ಹುಡುಗಿಯಾಯಿತು.

"ಯಾರಣ್ಣಾ ನೀನು? ಯಾಕೆ ಅಳ್ತಿದೀಯ?"

ಕೈಹಿಡಿದವಳೇ ಅಣ್ಣಾ ಎಂದಾಗ ಅವನ ಎದೆ ಒಡೆಯಿತು. "ಹರಳು ಕೂಡಿದೆನಮ್ಮಾ, ಎಲ್ಲಿ ತಪ್ಪಿದೆನೋ ತಿಳಿಯದು," ಎಂದ.

"ಪ್ರತಿ ಸಲವೂ ಕೈ ಖಾಲಿ ಮಾಡ್ಕೊಂಡೆಯಲ್ಲ! ಹಿಂದಿನದು ಎಲ್ಲಿ ಹೋಯಿತು?"

ಬೊಮ್ಮರಸನಿಗೆ ತನ್ನ ತಪ್ಪು ತಿಳಿಯಿತು. ಆಮೇಲೆ ತಲೆಯ ರುಮಾಲು ಬಿಚ್ಚಿ ಪೆಟ್ಟಿಗೆಗಳ ಹೊರಗೆ ನೆಲದ ಮೇಲೆ ಹಾಸಿದ.

"ಒಂದೊಂದು ಪೆಟ್ಟಿಗೆಗೂ ಹೊಸ ಬಟ್ಟೆ ಹಾಸಬೇಕು," ಹಾವು ಬುಸುಗುಟ್ಟಿತು. "ಇಲ್ಲದಿದ್ದರೆ ಇವಳು ಬೂದಿಯಾಗುತ್ತಾಳೆ!"

ಅವನ ಕೈ ತಡೆಯಿತು. ಹೌದೇ? ಅಲ್ಲವೇ? ಹುಡುಗಿಯ ಮುಖ ನೋಡಿದ; ಬಟ್ಟೆ ಬದಲಿಸಿದರೆ ಹಿಂದಿನದು ಮತ್ತೆ ಕಳೆದುಹೋಗುತ್ತದೆಂದು ಹೊಳೆಯಿತು. ರುಮಾಲನ್ನು ಅಲುಗಿಸಲಿಲ್ಲ. ಮೊದಲ ಪೆಟ್ಟಿಗೆಯ ಹರಳು ಒಂದೊಂದಾಗಿ ಹಾಕಿದ, ಒಂಬತ್ತು. ಅದರ ಮೇಲೇ ಎರಡನೆಯದು, ಹದಿನೈದು. ಅದರ ಮೇಲೇ ಮೂರನೆಯದು.

"ಇಪ್ಪತ್ತೆರಡು!"

ಹುಡುಗಿ ನಿಂತಲ್ಲೇ ಕೇತವ್ವೆಯಾದಳು. "ಯಾಕೆ ಹಾಗೆ ನೋಡ್ತೀರಿ? ಮನೆಗೆ ನಡೀರಿ," ಎಂದಳು.

ಕದ್ದ ವರ್ಷಗಳಿಂದಲೇ ಬದುಕಿದ್ದ ಹೆಬ್ಬಾವು ಒಣಗಿ, ಹಗ್ಗದಷ್ಟಾಗಿ, ಪುಡಿಯಾಗಿ ಉದುರಿತು. ಗುಹೆಯ ಆಳದಲ್ಲಿ ಇನ್ನೂ ಎಷ್ಟೋ ಪೆಟ್ಟಿಗೆಗಳಿದ್ದವು. ಗಂಡಹೆಂಡತಿ ರುಮಾಲು ಹಾಸಿ ಕುಳಿತರು. ಒಬ್ಬೊಬ್ಬರ ಲೆಕ್ಕ ಕೂಡಿದಂತೆ ಕಳೆದುಹೋದ ತಾಯಂದಿರು, ತಾತಂದಿರು ಎದ್ದು ಬಂದರು. ಸಂಜೆಗೆ ಮಂಜಿನದುರ್ಗದ ಯಾವ ಮನೆಯಲ್ಲೂ ಖಾಲಿ ಎಲೆ ಉಳಿಯಲಿಲ್ಲ. ಎಲ್ಲರೂ ಸಾಲಾಗಿ ಕುಳಿತು ಉಂಡರು, ನೂರ್ಕಾಲ ಸುಖವಾಗಿ ಬಾಳಿದರು.